ನಿಮಗಿದು ಗೊತ್ತೆ? ವಜ್ರವೂ ಇದ್ದಿಲೂ ಸಹೋದರರು!

ಅರಸರ ಕಿರೀಟದಲ್ಲಿ ಮೆರೆಯುವ ವಜ್ರವೂ, ಒಲೆಯಲ್ಲಿ ಉರಿದು ಬೂದಿಯಾಗುವ ಇದ್ದಿಲೂ, ಬಾಲಕನ ಪೆನ್ಸಿಲ್ಲಿನೊಳಗೆ ಅಡಗಿರುವ ಗ್ರಾಫೈಟೂ ಮುಖ್ಯತಃ ಇಂಗಾಲವೆಂಬ ಒಂದೇ ಮೂಲವಸ್ತುವಿನಿಂದಾದುವೆಂದರೆ, ರಸಾಯನಶಾಸ್ತ್ರವನ್ನು ಆಗತಾನೆ ಅಭ್ಯಸಿಸತೊಡಗಿದ ವಿದ್ಯಾರ್ಥಿಗೆ ನಂಬುಗೆ ಹುಟ್ಟುವುದು ಕಷ್ಟವೇ ಸರಿ. 1772ರಲ್ಲಿ ಫ್ರಾನ್ಸ್ ದೇಶದ ಲವಾಸಿಯೆ ಮಹಾಶಯನು ಬೃಹತ್ ಮಸೂರದಿಂದ ಸೂರ್ಯಕಿರಣಗಳನ್ನು ಕೇಂದ್ರೀಕರಿಸಿ ವಜ್ರವನ್ನು ದಹಿಸಲು (ದುಬಾರಿಯ ಪ್ರಯೋಗವೆಂಬುದರಲ್ಲಿ ಸಂದೇಹವಿಲ್ಲ!), ಇದ್ದಿಲು ಉರಿದಾಗ ಹೊಮ್ಮುವ ಅನಿಲವೇ ಅದರಿಂದಲೂ ಹೊಮ್ಮಿತು. 1797ರಲ್ಲಿ ಆಂಗ್ಲ ವಿಜ್ಞಾನಿ ಸ್ಮಿತ್ಸನ್ ಟೆನಂಟನು, ಸಮತೂಕದ ವಜ್ರವೂ ಇದ್ದಿಲೂ ಉರಿದು ಸಮಪ್ರಮಾಣದ ಇಂಗಾಲದ ಡೈಆಕ್ಸೈಡನ್ನು ಕೊಡುವುವೆಂದು ತೋರಿಸಿ, ಉಳಿದ ಸಂಶಯವನ್ನೂ ಪರಿಹರಿಸಿದನು.

ಪರಮಾಣುಗಳು ಒಂದೇ ಬಗೆಯವಾದರೂ ಅವುಗಳ ವಿನ್ಯಾಸ ಬೇರೆ. ವಜ್ರದಲ್ಲಿ ಪ್ರತಿಯೊಂದು ಪರಮಾಣುವೂ ಸುತ್ತಣ ನಾಲ್ಕರೊಡನೆ ದೃಢವಾಗಿ ಬಂಧಿತವಾಗಿರುವುದರಿಂದ ಅದು ಅತಿ ಕಠಿನ. ಗ್ರಾಫೈಟಿನಲ್ಲಾದರೋ ಮೂರರೊಡನೆ ಮಾತ್ರ ಬೆಸೆದುಕೊಂಡು ಅವು ಪದರಪದರವಾಗಿ ಹರಡಿರುವ ಕಾರಣ, ಆ ಪದರಗಳು ಸುಲಭವಾಗಿ ಜಾರಿ ಕಾಗದದ ಮೇಲೆ ಅಕ್ಷರವಾಗಿ ನಿಲ್ಲುತ್ತವೆ. ಒಂದೇ ಮೂಲವಸ್ತು ಹೀಗೆ ಬೇರೆಬೇರೆ ರೂಪಗಳಲ್ಲಿ ಇರುವ ಗುಣಕ್ಕೆ ಬಹುರೂಪತೆಯೆಂದು ಹೆಸರು. ಇನ್ನೊಂದು ವಿಶೇಷ: ಗ್ರಾಫೈಟು ಉತ್ತಮ ವಿದ್ಯುದ್ವಾಹಕ, ಶುದ್ಧ ವಜ್ರವು ವಿದ್ಯುತ್ತನ್ನು ಹರಿಯಗೊಡುವುದಿಲ್ಲ.