ಆರು ಜನರ ಮೇಳ, ಒಂದು ಸರ್ಕಾರಿ ಪತ್ರ

ಜನಪ್ರಿಯ ಸಂಗೀತ ತಂಡಗಳು ಒಡೆಯುವುದಕ್ಕೆ ಕಾರಣಗಳು ಹಲವು: ಹಣದ ಜಗಳ, ಹೆಸರಿನ ಆಸೆ, ವಯಸ್ಸು. ಜರ್ಮನಿಯ 'ಕಮೀಡಿಯನ್ ಹಾರ್ಮನಿಸ್ಟ್ಸ್' ತಂಡವನ್ನು ಒಡೆದದ್ದು 1935ರಲ್ಲಿ ಬಂದ ಒಂದು ಸರ್ಕಾರಿ ಪತ್ರ.

1927ರ ಡಿಸೆಂಬರ್‌ನಲ್ಲಿ ಹ್ಯಾರಿ ಫ್ರೊಮ್ಮರ್‌ಮನ್ ಎಂಬ 21 ವರ್ಷದ ಯುವಕ ಗಾಯಕರು ಬೇಕೆಂದು ಬರ್ಲಿನ್ನಿನ ಪತ್ರಿಕೆಯೊಂದರಲ್ಲಿ ಜಾಹೀರಾತು ಕೊಟ್ಟರು. ಅಮೆರಿಕದ 'ರೆವೆಲರ್ಸ್' ತಂಡದ ಧ್ವನಿಮುದ್ರಿಕೆಗಳು ಅವರಲ್ಲಿ ಈ ಹಂಬಲ ಹುಟ್ಟಿಸಿದ್ದವು. ಕೊನೆಗೆ ಐವರು ಗಾಯಕರು, ಒಬ್ಬ ಪಿಯಾನೊ ವಾದಕರ ತಂಡ ಸಿದ್ಧವಾಯಿತು. ತಿಂಗಳುಗಟ್ಟಲೆ ಸಂಪಾದನೆಯಿಲ್ಲದೆ ಅಭ್ಯಾಸ ಮಾಡಿ 1928ರಲ್ಲಿ ವೇದಿಕೆ ಏರಿದರು. ಕೆಲವೇ ವರ್ಷಗಳಲ್ಲಿ ಯುರೋಪಿನಲ್ಲೆಲ್ಲ ಹೆಸರಾದರು.

ಇವರ ಹಾಡಿನ ವಿಶೇಷವೇನು? ನಮ್ಮ ವೃಂದಗಾನದಲ್ಲಿ ಸಾಮಾನ್ಯವಾಗಿ ಎಲ್ಲರೂ ಒಂದೇ ಸ್ವರಗಳನ್ನು ಹಾಡುತ್ತಾರೆ. ಪಾಶ್ಚಾತ್ಯ ಹಾರ್ಮನಿಯಲ್ಲಿ ಏಕಕಾಲಕ್ಕೆ ಒಬ್ಬೊಬ್ಬರದು ಒಂದೊಂದು ಸ್ವರ. ಒಬ್ಬರು ಷಡ್ಜ, ಇನ್ನೊಬ್ಬರು ಅಂತರ ಗಾಂಧಾರ, ಮತ್ತೊಬ್ಬರು ಪಂಚಮ ಹಿಡಿದರೆನ್ನಿ. ಷಡ್ಜಕ್ಕೆ ಸೆಕೆಂಡಿಗೆ 200 ಕಂಪನಗಳಾದರೆ ಗಾಂಧಾರಕ್ಕೆ 250, ಪಂಚಮಕ್ಕೆ 300. ಇದು 4:5:6ರ ಸರಳ ಅನುಪಾತ. ಹೀಗೆ ಹೊಂದಿದ ಸ್ವರಗಳನ್ನು ಕಿವಿ ಒಂದೇ ನಾದವೆಂಬಂತೆ ಗ್ರಹಿಸುತ್ತದೆ. ಅದರಲ್ಲಿ ಒಂದು ಧ್ವನಿ ಕಳೆದರೂ ನಾದದ ಸ್ವರೂಪವೇ ಬದಲಾಗುತ್ತದೆ. ಬಲ್ಗೇರಿಯದ ಲೆಶ್ನಿಕಾಫ್ ಅವರದು ತಾರಸ್ಥಾಯಿ, ಬಿಬರ್ಟಿ ಅವರದು ಮಂದ್ರ. ಫ್ರೊಮ್ಮರ್‌ಮನ್ ಬಾಯಿಂದಲೇ ತುತ್ತೂರಿಯ ನಾದ ಹೊರಡಿಸುತ್ತಿದ್ದರು.

1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಅದೇ ವರ್ಷ ಸಂಗೀತಗಾರರಿಗೆಂದು ಸರ್ಕಾರಿ ಮಂಡಳಿಯೊಂದು ಸ್ಥಾಪನೆಯಾಯಿತು. ಅದರ ಸದಸ್ಯತ್ವವಿಲ್ಲದವರು ಹಾಡಿ ಜೀವನ ಸಾಗಿಸುವಂತಿರಲಿಲ್ಲ. ತಂಡದ ಫ್ರೊಮ್ಮರ್‌ಮನ್ ಮತ್ತು ಸಿಕೋವ್ಸ್ಕಿ ಯಹೂದಿಗಳು. ಕೊಲಿನ್ ಕ್ರೈಸ್ತ ದೀಕ್ಷೆ ಪಡೆದಿದ್ದರೂ ಯಹೂದಿ ವಂಶದವರೆಂದು ಅವರನ್ನೂ ಅದೇ ಪಟ್ಟಿಗೆ ಸೇರಿಸಲಾಯಿತು. ತಂಡದ ಹಾಡುಗಳಲ್ಲಿ ರಾಜಕೀಯವಿರಲಿಲ್ಲ. 1934ರ ಅವರ ಪ್ರಸಿದ್ಧ ಗೀತೆಯ ವಸ್ತು ಕುಂಡದಲ್ಲಿ ಬೆಳೆದ ಒಂದು ಪುಟ್ಟ ಕಳ್ಳಿಗಿಡ! ಸರ್ಕಾರ ಹಾಡನ್ನು ನೋಡಲಿಲ್ಲ, ಹಾಡುವವರ ಹುಟ್ಟನ್ನು ನೋಡಿತು.

ಕಾರ್ಯಕ್ರಮಗಳು ಒಂದೊಂದಾಗಿ ರದ್ದಾದವು. 1934ರ ಮಾರ್ಚ್ 25ರಂದು ಹ್ಯಾನೋವರ್‌ನಲ್ಲಿ ನಡೆದದ್ದೇ ಜರ್ಮನಿಯಲ್ಲಿ ಅವರ ಕೊನೆಯ ಕಚೇರಿ. 1935ರ ಫೆಬ್ರವರಿಯಲ್ಲಿ ಮಂಡಳಿಯ ಪತ್ರ ಬಂತು: ಮೂವರಿಗೆ ಸದಸ್ಯತ್ವವಿಲ್ಲ, ಉಳಿದ ಮೂವರು ಅವರೊಡನೆ ಹಾಡಕೂಡದು.

ಹೊರಗಾದ ಮೂವರು ವಿಯೆನ್ನಾಕ್ಕೆ ಹೋಗಿ ಹೊಸ ತಂಡ ಕಟ್ಟಿದರು. 1938ರಲ್ಲಿ ಜರ್ಮನಿ ಆಸ್ಟ್ರಿಯವನ್ನೂ ನುಂಗಿದಾಗ ಆ ನೆಲೆಯೂ ತಪ್ಪಿತು. ಬರ್ಲಿನ್‌ನಲ್ಲಿ ಉಳಿದ ಮೂವರೂ ಹೊಸಬರನ್ನು ಸೇರಿಸಿಕೊಂಡು ಹಾಡಿದರು. ಎರಡು ತಂಡಗಳಿಗೂ ಹಳೆಯ ಕೀರ್ತಿ ಮರಳಲಿಲ್ಲ. 1941ರ ಹೊತ್ತಿಗೆ ಎರಡೂ ನಿಂತುಹೋದವು. ಆ ಆರು ಜನ ಮತ್ತೆಂದೂ ಒಟ್ಟಿಗೆ ಹಾಡಲಿಲ್ಲ. 1976ರಲ್ಲಿ ಎಬರ್‌ಹಾರ್ಡ್ ಫೆಕ್ನರ್ ಜರ್ಮನ್ ಟೆಲಿವಿಷನ್‌ಗಾಗಿ ಮಾಡಿದ ಸಾಕ್ಷ್ಯಚಿತ್ರದಲ್ಲಿ ಬದುಕುಳಿದ ಸದಸ್ಯರು ಈ ಕಥೆ ಹೇಳಿದ್ದಾರೆ, ಪ್ರತಿಯೊಬ್ಬರೂ ಬೇರೆ ಬೇರೆಯಾಗಿ. ಕೊನೆಯವರಾದ ಸಿಕೋವ್ಸ್ಕಿ 1998ರಲ್ಲಿ ಅಮೆರಿಕದಲ್ಲಿ ತೀರಿಕೊಂಡರು.

ವಿದ್ಯಾರ್ಥಿ ಮಿತ್ರರೇ, ಈ ತಂಡದ ಧ್ವನಿಮುದ್ರಿಕೆಗಳು ಇಂದಿಗೂ ದೊರೆಯುತ್ತವೆ. ಒಂದನ್ನು ಕೇಳುತ್ತಾ ಸಣ್ಣ ಪ್ರಯೋಗ ಮಾಡಿ ನೋಡಿ. ಮಂದ್ರ ಯಾವುದು, ತಾರ ಯಾವುದು ಎಂದು ಕಿವಿ ಬೇರ್ಪಡಿಸಬಲ್ಲದು. ಯಾವ ಧ್ವನಿ ಯಾವ ಕುಲದ್ದೆಂದು ಹೇಳಬಲ್ಲದೇ?