ಗಾಳಿ-ಬಿಸಿಲು ನೋಡಿ ಕಟ್ಟಿದ ಜರ್ಮನ್

ಹೈದರಾಬಾದಿನ ಬೇಗಂಪೇಟೆಯಲ್ಲಿ ಒಂದು ಸ್ಪ್ಯಾನಿಷ್ ಮಸೀದಿ ಇದೆ. ಸ್ಪೇನ್ ನೋಡಿ ಬಂದು ಮನಸೋತ ಪೈಗಾ ಮನೆತನದ ವಿಕಾರ್-ಉಲ್-ಉಮ್ರಾ ಕಟ್ಟಿಸಲು ತೊಡಗಿದ ಅದು ಮುಗಿದದ್ದು 1906ರಲ್ಲಿ. ಅಲ್ಲಿಗೆ ಶೈಲಿ ಕಡಲು ದಾಟಿ ಬಂದಿತ್ತು. 1939ರಲ್ಲಿ ಮೈಸೂರು ಸಂಸ್ಥಾನಕ್ಕೆ ವಾಸ್ತುಶಿಲ್ಪಿಯೇ ಕಡಲು ದಾಟಿ ಬಂದರು. ಅವರು ಒಟ್ಟೊ ಕೋನಿಗ್ಸ್‌ಬರ್ಗರ್.

1908ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿ, ವಾಸ್ತುಶಿಲ್ಪಿ ಹಾನ್ಸ್ ಪೋಲ್ಸಿಗ್ ಅವರ ಬಳಿ ಕಲಿತವರು. 1933ರಲ್ಲಿ ಹೆಸರಾಂತ ಶಿಂಕೆಲ್ ಬಹುಮಾನ ಗೆದ್ದರು. ಅದೇ ವರ್ಷ, ಯಹೂದಿ ಎಂಬ ಒಂದೇ ಕಾರಣಕ್ಕೆ, ನಾಜಿಗಳ ಆಡಳಿತ ಅವರ ಕೆಲಸ ಕಿತ್ತುಕೊಂಡಿತು. ಈಜಿಪ್ಟಿಗೆ ಹೋಗಿ ಪುರಾತನ ಕಟ್ಟಡಗಳ ಅಧ್ಯಯನದಲ್ಲಿ ತೊಡಗಿದರು. ಬೆಂಗಳೂರಿಗೂ ಒಂದು ನಂಟಿತ್ತು: ಅವರ ಸೋದರಮಾವ, ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್, ಸಿ.ವಿ. ರಾಮನ್ ಕರೆಯ ಮೇರೆಗೆ ಇಲ್ಲಿನ ಟಾಟಾ ಇನ್‌ಸ್ಟಿಟ್ಯೂಟಿಗೆ (ಭಾರತೀಯ ವಿಜ್ಞಾನ ಸಂಸ್ಥೆಗೆ) ಬಂದು ಪಾಠ ಹೇಳಿದ್ದರು. ದಿವಾನ್ ಮಿರ್ಜಾ ಇಸ್ಮಾಯಿಲ್ ಕೋನಿಗ್ಸ್‌ಬರ್ಗರ್ ಅವರನ್ನು ಸರ್ಕಾರಿ ವಾಸ್ತುಶಿಲ್ಪಿಯಾಗಿ ನೇಮಿಸಿದರು.

ದಿವಾನರಿಗೆ ಗುಮ್ಮಟ, ಕಮಾನುಗಳ ಮೇಲೆ ಪ್ರೀತಿ. ಬರ್ಲಿನ್ನಿನ ಈ ಯುವಕನಿಗೆ ಅಲಂಕಾರವೆಂದರೆ ಅಷ್ಟಕ್ಕಷ್ಟೆ. ಆದರೂ ಇಬ್ಬರೂ ಕೂಡಿ ಕೆಲಸ ಮಾಡಿದರು. ಬಸವನಗುಡಿಯ ಕೃಷ್ಣರಾವ್ ಪಾರ್ಕಿನ ಮಂಟಪ ಆ ಕಾಲದ್ದು.

ಅವರ ಕಸುಬು ನಿಚ್ಚಳವಾಗಿ ಕಾಣುವುದು ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ. ವಿಮಾನ ವಿಜ್ಞಾನ ವಿಭಾಗ, ಅದರ ಗಾಳಿಸುರಂಗ, ಲೋಹವಿಜ್ಞಾನ ವಿಭಾಗ, ಊಟದ ಮನೆ, ಸಭಾಂಗಣ ಎಲ್ಲವೂ ಅವರವೇ. ನಮ್ಮ ಕಡೆ ನಡುಹಗಲಿನ ಬಿಸಿಲು ನೆತ್ತಿಯ ಮೇಲಿಂದ ಬೀಳುತ್ತದೆ, ಅದನ್ನು ಸಜ್ಜೆ ತಡೆಯುತ್ತದೆ. ಬೆಳಗು-ಸಂಜೆಯ ಓರೆ ಬಿಸಿಲನ್ನು ಸಜ್ಜೆಯಿಂದ ತಡೆಯಲಾಗದು. ಆದ್ದರಿಂದ ಕಟ್ಟಡದ ಉದ್ದದ ಮೈ ಉತ್ತರಕ್ಕೂ ದಕ್ಷಿಣಕ್ಕೂ ಇರಬೇಕು. ಅಗಲ ಕಡಿಮೆಯಾದರೆ ಈ ಕಿಟಕಿಯಿಂದ ಹೊಕ್ಕ ಗಾಳಿ ಆ ಕಿಟಕಿಯಿಂದ ಹೊರಡುತ್ತದೆ. ತೊಟ್ಟಿಮನೆ ಕಟ್ಟಿದ ನಮ್ಮ ಹಿರಿಯರಿಗೆ ಗಾಳಿ-ಬಿಸಿಲಿನ ಈ ಲೆಕ್ಕ ಗೊತ್ತಿತ್ತು. ಹೊರಗಿನಿಂದ ಬಂದವರೊಬ್ಬರು ಅದನ್ನು ಪ್ರಯೋಗಶಾಲೆಗೂ ಹಾಸ್ಟೆಲಿನ ಊಟದ ಮನೆಗೂ ಹೊಂದಿಸಿದ್ದು ನನಗೆ ದೊಡ್ಡ ಸಂಗತಿಯಾಗಿ ಕಾಣುತ್ತದೆ. ಗಾಜು ಹೊದಿಸಿ, ಹಗಲಿಡೀ ಎ.ಸಿ. ಓಡಿಸುವ ಇಂದಿನ ಬೆಂಗಳೂರು ಇವನ್ನೊಮ್ಮೆ ಹೋಗಿ ನೋಡಬೇಕು.

ಕೋನಿಗ್ಸ್‌ಬರ್ಗರ್ ಜಮ್ಷೆಡ್‌ಪುರಕ್ಕೆ, ಆಮೇಲೆ 1948ರಲ್ಲಿ ಭುವನೇಶ್ವರಕ್ಕೆ ನಗರ ಯೋಜನೆ ಬರೆದರು. ದೇಶ ವಿಭಜನೆಯಿಂದ ಮನೆ ಕಳೆದುಕೊಂಡು ಜನ ಬಂದಾಗ ಕೇಂದ್ರ ಸರ್ಕಾರದ ವಸತಿ ನಿರ್ದೇಶಕರಾದರು; ತಾವೇ ನಿರಾಶ್ರಿತರಾಗಿ ಬಂದವರು ನಿರಾಶ್ರಿತರಿಗೆ ಊರು ಕಟ್ಟಲು ನಿಂತರು. ಕಾರ್ಖಾನೆಯಲ್ಲಿ ಗೋಡೆಗಳನ್ನು ಎರಕ ಹೊಯ್ದು ಮನೆ ಜೋಡಿಸುವ ದೆಹಲಿಯ ಯೋಜನೆ ಮಾತ್ರ ಕೈಗೂಡಲಿಲ್ಲ. 1951ರಲ್ಲಿ ಲಂಡನ್ನಿಗೆ ಹೋಗಿ, ಉಷ್ಣವಲಯದ ವಾಸ್ತುಶಿಲ್ಪ ಕಲಿಸುವ ವಿಭಾಗವನ್ನು ಬೆಳೆಸಿದರು. ಸಹಲೇಖಕರೊಡನೆ 1974ರಲ್ಲಿ ಹೊರತಂದ ಉಷ್ಣವಲಯದ ಮನೆ ಕಟ್ಟುವ ಕೈಪಿಡಿಯನ್ನು ವಾಸ್ತುಶಿಲ್ಪದ ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ.