ಶರೀಫರ ಪದ, ರಾಕ್ ಆಲ್ಬಂ ಮತ್ತು ಪಹಣಿಯಲ್ಲಿಲ್ಲದ ಹೆಸರು

'ರಘು ದೀಕ್ಷಿತ್ ಪ್ರಾಜೆಕ್ಟ್' ತಂಡದ ಚೊಚ್ಚಲ ಆಲ್ಬಂ 2008ರಲ್ಲಿ ಬಿಡುಗಡೆಯಾದಾಗ ಅದರಲ್ಲಿ ಹಿಂದಿ, ಇಂಗ್ಲಿಷ್ ಗೀತೆಗಳ ನಡುವೆ ಸಂತ ಶಿಶುನಾಳ ಶರೀಫರ ಎರಡು ತತ್ವಪದಗಳಿದ್ದವು. ಗುಡುಗುಡಿಯ ಪದ ಒಂದು, ಸೋರುವ ಮಾಳಿಗೆಯ ಪದ ಇನ್ನೊಂದು. ಏಕತಾರಿಯ ಜಾಗದಲ್ಲಿ ಗಿಟಾರು, ಪಿಟೀಲು, ಡ್ರಮ್ಸ್. ಬ್ರಿಟನ್ನಿನ ವಿಶ್ವಸಂಗೀತ ಪತ್ರಿಕೆ 'ಸಾಂಗ್‌ಲೈನ್ಸ್' 2011ರಲ್ಲಿ ಈ ತಂಡಕ್ಕೆ ಹೊಸ ಪ್ರತಿಭೆಯ ಪ್ರಶಸ್ತಿ ನೀಡಿತು. ನಮ್ಮ ಸವಳಂಗ ರಸ್ತೆಯ ಕಾಲೇಜುಗಳ ಹುಡುಗರಲ್ಲಿ ಅನೇಕರು ಶರೀಫರನ್ನು ಮೊದಲು ಕೇಳಿದ್ದು ಈ ಧಾಟಿಯಲ್ಲಿಯೇ.

ರಾಕ್ ಸಂಗೀತ ತತ್ವಪದವನ್ನು ಕೆಡಿಸಿತೆಂಬ ಆಕ್ಷೇಪದಲ್ಲಿ ನನಗೆ ಹುರುಳು ಕಾಣುವುದಿಲ್ಲ. ನಮ್ಮ ತಲೆಮಾರು 'ಮೂಲ'ವೆಂದು ನಂಬಿರುವ ಧಾಟಿಯಾದರೂ ಎಲ್ಲಿಯದು? ಬಹುಪಾಲು ಸಿ. ಅಶ್ವತ್ಥರು ಕ್ಯಾಸೆಟ್ಟುಗಳಲ್ಲಿ, ಬಳಿಕ ನಾಗಾಭರಣರ 1990ರ ಚಲನಚಿತ್ರದಲ್ಲಿ ಕಟ್ಟಿಕೊಟ್ಟದ್ದು. ನಮ್ಮೂರಿನ ಹೆಸರು ಹೊತ್ತ ಶಿವಮೊಗ್ಗ ಸುಬ್ಬಣ್ಣನವರು ಹಾಡಿದ್ದೂ ಸುಗಮ ಸಂಗೀತದ ಮಾರ್ಗದಲ್ಲಿ. ಹಂಗೇರಿಯಲ್ಲಿ ಬೇಲಾ ಬಾರ್ಟೋಕ್ ಮತ್ತು ಜೋಲ್ತಾನ್ ಕೊದಾಯ್ 1906ರ ಸುಮಾರಿಗೆ ಫೋನೋಗ್ರಾಫ್ ಹೊತ್ತು ಹಳ್ಳಿ ಸುತ್ತಿ, ರೈತರ ಹಾಡುಗಳನ್ನು ಸಭಾಂಗಣಕ್ಕೆ ತಂದರು. ಅಲ್ಲಿನ ರಾಕ್ ತಂಡಗಳೂ ಅದೇ ಕಣಜಕ್ಕೆ ಕೈಹಾಕಿದವು. ಜನಪದ ಸಂಗೀತ ಬಾಳಿದ್ದೇ ಹೀಗೆ.

ನನ್ನನ್ನು ಕಾಡುವುದು ಲೆಕ್ಕ. ಶರೀಫರು ತೀರಿಕೊಂಡದ್ದು 1889ರಲ್ಲಿ. ನಮ್ಮ ಕಾನೂನಿನಂತೆ ಕೃತಿಸ್ವಾಮ್ಯ ಕರ್ತೃವಿನ ಮರಣಾನಂತರ 60 ವರ್ಷ ಮಾತ್ರ. ಆದಕಾರಣ ಈ ಪದಗಳು ಇಂದು ಊರ ಗೋಮಾಳವಿದ್ದಂತೆ. ಯಾರು ಬೇಕಾದರೂ ಬರಬಹುದು. ಹೊಸದಾಗಿ ಸಂಯೋಜಿಸಿದವರಿಗೆ ಆ ಸಂಯೋಜನೆಯ ಮೇಲೆ ಹಕ್ಕು ದೊರೆಯುತ್ತದೆ. ಅದು ನ್ಯಾಯವೇ, ಬೆಳೆದವನಿಗೆ ಬೆಳೆ ಸಲ್ಲಬೇಕು. ಆದರೆ ಶರೀಫರ ನಿಧನಕ್ಕೂ ಕ್ಯಾಸೆಟ್ಟಿಗೂ ನಡುವೆ ಸುಮಾರು ನೂರು ವರ್ಷ ಆ ನೆಲವನ್ನು ಹಸಿರಾಗಿ ಕಾಯ್ದ ಭಜನಾ ಮಂಡಳಿಗಳ ಹಾಡುಗಾರರ ಹೆಸರು ಯಾವ ಪಹಣಿಯಲ್ಲೂ ಇಲ್ಲ. (ಕಂದಾಯದ ಭಾಷೆ ಬಿಟ್ಟರೆ ನನಗೆ ಬೇರೆ ಭಾಷೆ ಬೇಗ ಒದಗದು.) ಇದು ಒಂದು ತಂಡದ ಮೇಲಿನ ದೂರಲ್ಲ. ಕಾನೂನಿನಲ್ಲೇ ಈ ಕಲಂ ಖಾಲಿಯಿದೆ.

ಖಾಲಿ ಬಿಟ್ಟರೆ ಏನಾಗುತ್ತದೆ? ಫ್ರಾನ್ಸಿನ 'ಡೀಪ್ ಫಾರೆಸ್ಟ್' ಜೋಡಿಯ 1992ರ ಆಲ್ಬಂನಲ್ಲಿ ಜಗತ್ತನ್ನೇ ಮರುಳುಮಾಡಿದ ಜೋಗುಳವೊಂದಿತ್ತು. ಸಾಲೊಮನ್ ದ್ವೀಪಗಳ ಅಫುನಕ್ವಾ ಎಂಬ ಹೆಂಗಸು ಹಾಡಿದ್ದನ್ನು ಸಂಶೋಧಕ ಹ್ಯೂಗೊ ಝೆಂಪ್ ದಶಕಗಳ ಹಿಂದೆ ಧ್ವನಿಮುದ್ರಿಸಿಕೊಂಡಿದ್ದರು. ಅದನ್ನು ಬಳಸಲು ತಮ್ಮ ಸಮ್ಮತಿಯಿರಲಿಲ್ಲವೆಂದು ಝೆಂಪ್ 1996ರಲ್ಲಿ ಬರೆದರು. ಅಷ್ಟರಲ್ಲಿ ಲಕ್ಷಾಂತರ ಪ್ರತಿಗಳು ಮಾರಾಟವಾಗಿದ್ದವು.

ನಮ್ಮ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿ ಹಾಡುಗಾರರ ಗೌರವಧನದ ಹಕ್ಕನ್ನು ಗಟ್ಟಿಗೊಳಿಸಿತು. ಆದರೆ ಹಕ್ಕು ಕೇಳಲು ಮೊದಲು ಹಾಡಿದವರು ಯಾರೆಂಬ ದಾಖಲೆ ಬೇಕಲ್ಲ! ಶರೀಫರ ಶಿಶುನಾಳ ಇರುವ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿಯೇ 2011ರಲ್ಲಿ ಸ್ಥಾಪಿತವಾದ ಜಾನಪದ ವಿಶ್ವವಿದ್ಯಾಲಯವಿದೆ. ತತ್ವಪದ ಹಾಡುವವರ ಹೆಸರು, ಊರು, ಧಾಟಿ, ಮುದ್ರಣದ ದಿನಾಂಕಗಳ ವಹಿಯೊಂದನ್ನು ಅದು ತೆರೆದು, ಧ್ವನಿಮುದ್ರಣಗಳನ್ನು ಜೋಡಿಸಿಡಲಿ. ಧಾಟಿಯನ್ನು ಯಾರಿಂದ ಪಡೆದರೆಂದು ಆಲ್ಬಂ ತರುವವರು ನಮೂದಿಸಲಿ, ಗಳಿಕೆಯಲ್ಲಿ ನೂರಕ್ಕೆ ಒಂದೆರಡು ರೂಪಾಯಿಯನ್ನು ಹಾಡುಗಾರರ ನಿಧಿಗೆ ಕಟ್ಟಲಿ. ಈ ಕೆಲಸಕ್ಕೆ ಹೊಸ ಶಾಸನವೇನೂ ಬೇಕಿಲ್ಲ. ಇಬ್ಬರು ಗುಮಾಸ್ತರು ಮತ್ತು ಒಂದು ಧ್ವನಿಮುದ್ರಣ ಯಂತ್ರ ಸಾಕು.